ತಜ್ಞ ಸಾಕ್ಷಿಗೆ ಕೊಡುವ ಸೂಚನೆ: ಒಂದು ಕೋರ್ಟು ಪದ್ಧತಿಯ ಚರಿತ್ರೆ

ಸಿವಿಲ್ ದಾವೆಯಲ್ಲಿ ಸಾಮಾನ್ಯ ಸಾಕ್ಷಿ ತಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳಬೇಕು. ತಜ್ಞ ಸಾಕ್ಷಿಗೆ ತನ್ನ ಅಭಿಪ್ರಾಯವನ್ನೂ ಹೇಳುವ ಅವಕಾಶವಿದೆ. ಇನ್ನೊಂದು ವ್ಯತ್ಯಾಸವೂ ಇದೆ. ಸಾಮಾನ್ಯ ಸಾಕ್ಷಿ ಘಟನೆ ನಡೆದಾಗ ಅಲ್ಲಿದ್ದವನು. ತಜ್ಞನಾದರೋ ವ್ಯಾಜ್ಯ ಹುಟ್ಟಿದ ಮೇಲೆ, ಯಾರೋ ಕರೆದು ಪ್ರಶ್ನೆ ಕೇಳಿದ್ದರಿಂದ ಅದರೊಳಗೆ ಬಂದವನು. ಆ ಪ್ರಶ್ನೆಯನ್ನು ಕೇಳುವವರು ಯಾರು, ಯಾವ ಮಾತಿನಲ್ಲಿ ಕೇಳುತ್ತಾರೆ, ಯಾವ ಕಾಗದಪತ್ರ ತೋರಿಸಿ ಕೇಳುತ್ತಾರೆ, ಹಾಗೆ ಕೇಳಿದ ಪತ್ರವನ್ನು ಎದುರು ಪಕ್ಷ ನೋಡಬಹುದೇ – ತಜ್ಞನ ಮಾತಿನ ಬೆಲೆ ಬಹುಮಟ್ಟಿಗೆ ಇವುಗಳ ಮೇಲೆ ನಿಂತಿದೆ. ಇಂಗ್ಲೆಂಡಿನ ಕೋರ್ಟುಗಳು ಈ ಪ್ರಶ್ನೆಗಳಿಗೆ ಆರು ಶತಮಾನಗಳಲ್ಲಿ ಹಲವು ಉತ್ತರ ಕೊಟ್ಟಿವೆ. ಭಾರತದ ಸಾಕ್ಷ್ಯ ಕಾಯಿದೆ ಅದೇ ಬೇರಿನಿಂದ ಬಂದದ್ದಾದರೂ ಇಲ್ಲಿನ ಪದ್ಧತಿ ಮುಂದೆ ಬೇರೆ ದಾರಿ ಹಿಡಿಯಿತು.

ಮೊದಲ ಕಾಲದಲ್ಲಿ ತಜ್ಞನನ್ನು ಕರೆಯುತ್ತಿದ್ದದ್ದು ಕೋರ್ಟೇ. 1345ರಲ್ಲಿ ಒಂದು ಗಾಯ ಹೊಸದೋ ಹಳೆಯದೋ ಎಂದು ತಿಳಿಯಲು ನ್ಯಾಯಾಧೀಶರು ಶಸ್ತ್ರವೈದ್ಯರನ್ನು ಕರೆಸಿಕೊಂಡ ದಾಖಲೆಯಿದೆ. ಇನ್ನೊಂದು ವಿಧಾನವೆಂದರೆ ತಜ್ಞರನ್ನೇ ಜ್ಯೂರಿಯಾಗಿ ಕೂರಿಸುವುದು. 1351ರಲ್ಲಿ ಲಂಡನ್ನಿನಲ್ಲಿ ಕೆಟ್ಟ ಆಹಾರ ಮಾರಿದ ಆರೋಪವೊಂದನ್ನು ತೀರ್ಮಾನಿಸಲು ಅಡುಗೆಯವರನ್ನೂ ಮೀನು ವ್ಯಾಪಾರಿಗಳನ್ನೂ ಕರೆದು ಕೂರಿಸಲಾಗಿತ್ತು. ಹೆಂಗಸೊಬ್ಬಳು ಗರ್ಭಿಣಿಯೇ ಅಲ್ಲವೇ ಎಂಬ ಪ್ರಶ್ನೆ ಎದ್ದರೆ ಅನುಭವಸ್ಥ ಗೃಹಿಣಿಯರ ಜ್ಯೂರಿ ಕೂರುತ್ತಿತ್ತು. ಹಡಗುಗಳ ವ್ಯಾಜ್ಯದಲ್ಲಿ ಟ್ರಿನಿಟಿ ಹೌಸ್ ಎಂಬ ನಾವಿಕರ ಸಂಸ್ಥೆಯ ಹಿರಿಯರು ನ್ಯಾಯಾಧೀಶರ ಪಕ್ಕದಲ್ಲೇ ಸಲಹೆಗಾರರಾಗಿ ಕೂರುವ ರೂಢಿ ಬೆಳೆಯಿತು. ಆ ರೂಢಿ ಇಂದಿಗೂ ಹೋಗಿಲ್ಲ. 1554ರಲ್ಲಿ ಬಕ್ಲಿ ವಿರುದ್ಧ ರೈಸ್ ಥಾಮಸ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸಾಂಡರ್ಸ್, ಬೇರೆ ವಿದ್ಯೆಗೆ ಸೇರಿದ ಪ್ರಶ್ನೆ ಬಂದಾಗ ಆ ವಿದ್ಯೆಯವರ ನೆರವು ಕೇಳುವುದು ಕಾನೂನಿಗೆ ಗೌರವದ ಸಂಗತಿಯೇ ಹೊರತು ಕೊರತೆಯಲ್ಲ ಎಂಬ ಅರ್ಥದ ಮಾತು ಹೇಳಿದರು. ಈ ಎಲ್ಲ ಏರ್ಪಾಟುಗಳಲ್ಲೂ ಪ್ರಶ್ನೆ ಕೇಳುವವರು ನ್ಯಾಯಾಧೀಶರೇ. ತಜ್ಞನಿಗೆ ಕಕ್ಷಿಗಾರನಿಂದ ಬರುವ ಪತ್ರವಾಗಲಿ ಸಂಬಳವಾಗಲಿ ಇರಲಿಲ್ಲ.

ಈ ಏರ್ಪಾಟು ಸಡಿಲವಾದದ್ದು ಜ್ಯೂರಿಯ ಸ್ವರೂಪವೇ ಬದಲಾದಾಗ. ಹಿಂದೆ ಜ್ಯೂರಿಯಲ್ಲಿ ಕೂರುವವರು ಸಂಗತಿ ಬಲ್ಲ ನೆರೆಹೊರೆಯವರು. ಕಾಲ ಕಳೆದಂತೆ ಅವರು ಏನೂ ತಿಳಿಯದೆ ಬಂದು, ಕೋರ್ಟಿನಲ್ಲಿ ಕೇಳಿದ ಸಾಕ್ಷ್ಯದ ಮೇಲಷ್ಟೇ ತೀರ್ಪು ಕೊಡುವವರಾದರು. ಹದಿನೆಂಟನೆಯ ಶತಮಾನದಲ್ಲಿ ಸಾಕ್ಷಿಗಳನ್ನು ಕರೆಯುವುದು, ಪಾಟೀಸವಾಲು ಮಾಡುವುದು ಪೂರ್ತಿ ವಕೀಲರ ಕೈಗೆ ಬಂತು. ತಜ್ಞನೂ ಅವರ ಸಾಕ್ಷಿಗಳ ಪಟ್ಟಿಯಲ್ಲಿ ಒಬ್ಬನಾದ.

ಈ ತಿರುವಿಗೆ ಹೆಸರಾದದ್ದು ಒಂದು ಸಣ್ಣ ಬಂದರು. ನಾರ್‌ಫೋಕ್ ಪ್ರಾಂತ್ಯದ ಉತ್ತರ ಕರಾವಳಿಯಲ್ಲಿ ವೆಲ್ಸ್ ಎಂಬ ಊರಿದೆ. ಅಲ್ಲಿನ ಬಂದರು ಹೂಳು ತುಂಬಿ ಹಾಳಾಗುತ್ತಿತ್ತು. ಪಕ್ಕದ ಉಪ್ಪು ಜೌಗುನೆಲಕ್ಕೆ ದಂಡೆ ಕಟ್ಟಿ ಅದನ್ನು ಸಾಗುವಳಿಗೆ ಒಳಪಡಿಸಿಕೊಂಡಿದ್ದೇ ಇದಕ್ಕೆ ಕಾರಣ ಎಂದು ಬಂದರಿನ ಆಡಳಿತದವರು ದೂರಿದರು. ಹಿಂದೆ ಭರತದ ನೀರು ಜೌಗಿನ ಮೇಲೆಲ್ಲ ಹರಡಿ, ಇಳಿತದ ಹೊತ್ತಿಗೆ ರಭಸದಿಂದ ಹಿಂದಿರುಗುತ್ತ ಕಾಲುವೆಯ ಹೂಳನ್ನು ಕೊಚ್ಚಿಕೊಂಡು ಹೋಗುತ್ತಿತ್ತು, ದಂಡೆ ಬಂದ ಮೇಲೆ ಆ ರಭಸ ನಿಂತಿತು ಎಂಬುದು ಅವರ ವಾದ. ದಂಡೆ ಒಡೆಯಲೇಬೇಕೆಂದು ಅವರು ಹಟ ಹಿಡಿದರು. ದಂಡೆಯ ಒಡೆಯ ಸರ್ ಮಾರ್ಟಿನ್ ಫೋಕ್ಸ್ ಕೋರ್ಟಿಗೆ ಹೋದ. ಇದೇ ಫೋಕ್ಸ್ ವಿರುದ್ಧ ಚಾಡ್ ಎಂಬ ಮೊಕದ್ದಮೆ.

ಮೊದಲ ವಿಚಾರಣೆಯಲ್ಲಿ ಫೋಕ್ಸ್‌ನ ಕಡೆಯಿಂದ ಮಿಲ್ನ್ ಎಂಬ ಎಂಜಿನಿಯರ್ ಸಾಕ್ಷಿ ನುಡಿದ. ಹೂಳಿಗೆ ದಂಡೆ ಕಾರಣವಲ್ಲ, ಆ ಕರಾವಳಿಯ ಉದ್ದಕ್ಕೂ ಬಂದರುಗಳು ಸಹಜವಾಗಿಯೇ ಹೂಳು ತುಂಬಿಕೊಳ್ಳುತ್ತಿವೆ ಎಂಬುದು ಅವನ ವಿವರಣೆ. ಎದುರು ಪಕ್ಷದವರು ಇಂಥದೊಂದು ಸಿದ್ಧಾಂತವನ್ನು ಮುಂಚೆ ಕೇಳಿಯೇ ಇರಲಿಲ್ಲ. ಪಾಟೀಸವಾಲಿಗೆ ಅವರ ಬಳಿ ಸರಕಿರಲಿಲ್ಲ. ಸೋತ ಮೇಲೆ, ತಮ್ಮನ್ನು ಅನಿರೀಕ್ಷಿತವಾಗಿ ಹಿಡಿಯಲಾಯಿತು ಎಂಬ ಕಾರಣ ಮುಂದಿಟ್ಟು ಮರುವಿಚಾರಣೆ ಬೇಡಿದರು. ಕೋರ್ಟು ಒಪ್ಪಿತು. ಒಪ್ಪುವಾಗ ಒಂದು ಷರತ್ತನ್ನೂ ಹಾಕಿತು: ಮುಂದಿನ ವಿಚಾರಣೆಗೆ ಮುಂಚೆ ಎರಡೂ ಕಡೆಯವರು ತಾವು ಹಾಜರುಪಡಿಸಲಿರುವ ಎಂಜಿನಿಯರುಗಳ ಅಭಿಪ್ರಾಯಗಳನ್ನೂ ಅದಕ್ಕೆ ಅವರು ಕೊಡುವ ಕಾರಣಗಳನ್ನೂ ಅಚ್ಚು ಹಾಕಿಸಿ ಪರಸ್ಪರ ಕೊಡಬೇಕು.

ಎರಡನೆಯ ವಿಚಾರಣೆಗೆ ಫೋಕ್ಸ್ ಜಾನ್ ಸ್ಮೀಟನ್‌ನನ್ನು ಕರೆತಂದ. ಎಡಿಸ್ಟನ್ ಬಂಡೆಯ ಮೇಲೆ 1759ರಲ್ಲಿ ದೀಪಸ್ತಂಭ ಕಟ್ಟಿ ಮುಗಿಸಿದ ಸ್ಮೀಟನ್‌ಗಿಂತ ಹೆಸರುವಾಸಿಯಾದ ಎಂಜಿನಿಯರ್ ಆಗ ದೇಶದಲ್ಲಿ ಇರಲಿಲ್ಲ. ಆದರೂ ವಿಚಾರಣಾ ನ್ಯಾಯಾಧೀಶರು ಅವನ ಸಾಕ್ಷ್ಯವನ್ನು ತಳ್ಳಿಹಾಕಿದರು. ಅವನು ಹೇಳುವುದು ಸಂಗತಿಯಲ್ಲ, ಬರೀ ಅಭಿಪ್ರಾಯ ಎಂಬುದು ಅವರ ಆಕ್ಷೇಪ. ಈ ಸಲ ಸೋತವನು ಫೋಕ್ಸ್. ಅವನ ಅರ್ಜಿ ಲಾರ್ಡ್ ಮ್ಯಾನ್ಸ್‌ಫೀಲ್ಡ್‌ರ ಮುಂದೆ ಬಂತು. 1782ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ ಅವರು, ಹಾನಿಯ ಕಾರಣ ಪ್ರಕೃತಿಯೋ ಮನುಷ್ಯನ ಕೈಯೋ ಎಂಬುದೇ ಪ್ರಶ್ನೆಯಾಗಿರುವಾಗ ಆ ಶಾಸ್ತ್ರ ಬಲ್ಲವರ ಅಭಿಪ್ರಾಯವನ್ನು ಕೇಳದೆ ಬೇರೆ ದಾರಿಯಿಲ್ಲ ಎಂದರು. ಕೈಬರಹ ಯಾರದೆಂದು ಕೋರ್ಟುಗಳಲ್ಲಿ ದಿನಾ ಸಾಬೀತಾಗುವುದು ಅಭಿಪ್ರಾಯದಿಂದಲೇ ಅಲ್ಲವೇ ಎಂದೂ ನೆನಪಿಸಿದರು. ಬಂದರುಗಳ ಕಟ್ಟಡ, ಅವು ಕೆಡುವ ಬಗೆ, ರಿಪೇರಿ ಬಲ್ಲ ಸ್ಮೀಟನ್‌ನ ಮಾತು ಸಾಕ್ಷ್ಯವೇ ಎಂದು ತೀರ್ಮಾನವಾಯಿತು.

ಕಾನೂನು ಪುಸ್ತಕಗಳು ಈ ಮೊಕದ್ದಮೆಯನ್ನು ನೆನೆಯುವುದು ಅಭಿಪ್ರಾಯಕ್ಕೆ ಬಾಗಿಲು ತೆರೆದದ್ದಕ್ಕಾಗಿ. ಆದರೆ ಅಚ್ಚು ಹಾಕಿಸಿ ಮೊದಲೇ ಕೊಡಿ ಎಂದ ಷರತ್ತೂ ಅಷ್ಟೇ ದೊಡ್ಡದು. ತಜ್ಞನ ಅಭಿಪ್ರಾಯವೆಂಬುದು ಎದುರಾಳಿಯನ್ನು ಬೆಚ್ಚಿಬೀಳಿಸಲು ಬಚ್ಚಿಟ್ಟುಕೊಳ್ಳುವ ಅಸ್ತ್ರವಾಗಬಾರದು ಎಂಬ ತಿಳಿವಳಿಕೆ ಅದರಲ್ಲಿತ್ತು. ಆ ತಿಳಿವಳಿಕೆ ಒಂದು ಮೊಕದ್ದಮೆಯ ಆದೇಶವಾಗಿ ಉಳಿಯಿತೇ ಹೊರತು ನಿಯಮವಾಗಲಿಲ್ಲ. ಇಂಗ್ಲೆಂಡಿನಲ್ಲಿ ಅದು ಸಾಮಾನ್ಯ ನಿಯಮವಾಗಲು ಹತ್ತಿರ ಹತ್ತಿರ ಇನ್ನೂರು ವರ್ಷ ಬೇಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಖಾನೆ, ಪೇಟೆಂಟ್, ವಿಮೆ, ರೈಲ್ವೆ ಎಲ್ಲವೂ ಕೋರ್ಟಿಗೆ ಬಂದವು. ಅವುಗಳ ಹಿಂದೆಯೇ ರಸಾಯನಶಾಸ್ತ್ರಜ್ಞರು, ಎಂಜಿನಿಯರುಗಳು ಬಂದರು. 1820ರಲ್ಲಿ ಲಂಡನ್ನಿನ ಸೆವರ್ನ್ ಕಿಂಗ್ ಎಂಬ ಸಕ್ಕರೆ ಶುದ್ಧೀಕರಣ ಕಂಪನಿ ಬೆಂಕಿ ವಿಮೆಯ ಹಣಕ್ಕೆ ದಾವೆ ಹೂಡಿತು. ಕಡಾಯಿಯ ಕೆಳಗೆ ನೇರ ಉರಿ ಹಾಕುವ ಬದಲು, ಕಾಯಿಸಿದ ತಿಮಿಂಗಿಲದ ಎಣ್ಣೆಯನ್ನು ಕೊಳವೆಗಳಲ್ಲಿ ಹರಿಸಿ ಸಕ್ಕರೆ ಕುದಿಸುವ ಹೊಸ ವಿಧಾನವನ್ನು ಅವರು ತಂದಿದ್ದರು. ಇದರಿಂದ ಅಪಾಯ ಹೆಚ್ಚಿತು, ನಮಗೆ ತಿಳಿಸಲೂ ಇಲ್ಲ ಎಂದು ವಿಮಾ ಕಂಪನಿಗಳು ಹಣ ಕೊಡಲೊಪ್ಪಲಿಲ್ಲ. ಎಣ್ಣೆ ಎಷ್ಟು ಶಾಖಕ್ಕೆ ಹೊತ್ತಿಕೊಳ್ಳುವ ಆವಿ ಬಿಡುತ್ತದೆ ಎಂಬುದನ್ನು ಕಂಡುಹಿಡಿಯಲು ಎರಡೂ ಪಕ್ಷದವರು ಲಂಡನ್ನಿನ ಹೆಸರಾಂತ ರಸಾಯನಶಾಸ್ತ್ರಜ್ಞರನ್ನು ಗೊತ್ತುಮಾಡಿಕೊಂಡರು. ಆಗಿನ್ನೂ ತರುಣನಾಗಿದ್ದ ಮೈಕೆಲ್ ಫ್ಯಾರಡೆಯೂ ಅವರಲ್ಲಿದ್ದ. ಪ್ರಯೋಗಗಳು ಪಕ್ಷಕ್ಕೆ ತಕ್ಕಂತೆ ಬೇರೆ ಬೇರೆ ಉತ್ತರ ಕೊಟ್ಟವು. ದೇಶದ ವಿದ್ವಾಂಸರು ಹೀಗೆ ಎರಡು ಸಾಲಾಗಿ ನಿಂತದ್ದನ್ನು ಕಂಡು ಮುಖ್ಯ ನ್ಯಾಯಾಧೀಶ ಡಾಲಸ್ ಬೇಸರ ತೋಡಿಕೊಂಡರು. ಜ್ಯೂರಿ ಸಕ್ಕರೆ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು.

ಮುಂದಿನ ದಶಕಗಳಲ್ಲಿ ನ್ಯಾಯಾಧೀಶರ ಬೇಸರ ಸಂಶಯವಾಯಿತು. 1843ರಲ್ಲಿ ಟ್ರೇಸಿ ಮನೆತನದ ಬಿರುದಿನ ವ್ಯಾಜ್ಯದಲ್ಲಿ ಲಾರ್ಡ್ ಕ್ಯಾಂಪ್‌ಬೆಲ್, ಇಂಥ ಸಾಕ್ಷಿಗಳು ತಮ್ಮ ಪಕ್ಷದ ಕಡೆಗೆ ಎಷ್ಟು ವಾಲಿರುತ್ತಾರೆಂದರೆ ಅವರ ಮಾತಿಗೆ ತೂಕವೇ ಇರುವುದಿಲ್ಲ ಎಂದರು. ಎಲ್ಲರಿಗಿಂತ ಖಾರವಾಗಿ ಮಾತಾಡಿದವರು ಸರ್ ಜಾರ್ಜ್ ಜೆಸೆಲ್. 1876ರಲ್ಲಿ ಒಂದು ಸ್ಕೇಟಿಂಗ್ ರಿಂಕಿನ ಮೊಕದ್ದಮೆಯಲ್ಲಿ ಅವರು ತಜ್ಞರನ್ನು ಹಿಡಿಯುವ ಬಗೆಯನ್ನೇ ಬಿಡಿಸಿಟ್ಟರು. ಕಕ್ಷಿಗಾರ ಆರು ಜನರನ್ನು ಕೇಳುತ್ತಾನೆ. ಮೂವರು ಅವನ ಪರ, ಮೂವರು ವಿರುದ್ಧ. ವಿರುದ್ಧ ಹೇಳಿದವರಿಗೆ ಫೀಸು ಕೊಟ್ಟು ಕಳಿಸಿ, ಪರವಾದವರನ್ನು ಕಟಕಟೆ ಹತ್ತಿಸುತ್ತಾನೆ. ಎದುರು ಪಕ್ಷವೂ ಇದನ್ನೇ ಮಾಡುತ್ತದೆ. ಒಂದು ವ್ಯಾಜ್ಯದಲ್ಲಂತೂ ಬೇಕಾದ ಮಾತು ಹೇಳುವ ಒಬ್ಬನು ಸಿಗುವ ಮುಂಚೆ ಅರವತ್ತೆಂಟು ಜನರ ಬಳಿ ಹೋಗಿದ್ದರಂತೆ ಎಂದು ತಾವು ಕೇಳಿದ್ದನ್ನೂ ಸೇರಿಸಿದರು. ಗಮನಿಸಬೇಕಾದ ಮಾತೆಂದರೆ, ಜೆಸೆಲ್ ಹೇಳಿದ್ದು ಸುಳ್ಳು ಸಾಕ್ಷಿಗಳ ಬಗ್ಗೆಯಲ್ಲ. ಆರು ಜನರೂ ಪ್ರಾಮಾಣಿಕರೇ ಇರಬಹುದು. ಕೋರ್ಟಿನವರೆಗೆ ಬಂದ ಮೂವರ ಹಿಂದೆ ಬಾರದೆ ಉಳಿದ ಮೂವರಿದ್ದಾರೆ ಎಂಬುದು ನ್ಯಾಯಾಧೀಶರಿಗೆ ಕಾಣುವುದಿಲ್ಲ, ಅಷ್ಟೇ.

ಅದು ಕಾಣದಂತೆ ಮಾಡಿದ್ದು ಗೋಪ್ಯತೆಯ ಕಾನೂನು. ವಕೀಲ ಮತ್ತು ಕಕ್ಷಿಗಾರನ ನಡುವಿನ ಮಾತು ಗುಟ್ಟಾಗಿರಬೇಕೆಂಬುದು ಹಳೆಯ ನಿಯಮ. 1881ರ ವೀಲರ್ ವಿರುದ್ಧ ಲೆ ಮಾರ್ಷಾಂಟ್ ತೀರ್ಪು ಇದರ ಗಡಿಯನ್ನು ತಜ್ಞರ ವಿಚಾರದಲ್ಲಿ ಸ್ಪಷ್ಟ ಮಾಡಿತು. ಅಲ್ಲಿ ಪ್ರಶ್ನೆಯಾಗಿದ್ದದ್ದು ಸಾಲಿಸಿಟರ್ (ಕಕ್ಷಿಗಾರನ ಪರವಾಗಿ ದಾವೆ ಸಿದ್ಧಪಡಿಸುವ ವಕೀಲ) ಮತ್ತು ಸರ್ವೇಯರ್ ನಡುವಿನ ಪತ್ರಗಳು. ದಾವೆ ನಡೆಯುತ್ತಿದ್ದರೆ ಅಥವಾ ನಡೆಯುವ ನಿರೀಕ್ಷೆಯಿದ್ದರೆ ಮಾತ್ರ ಅವಕ್ಕೆ ರಕ್ಷಣೆ, ಇಲ್ಲದಿದ್ದರೆ ತೋರಿಸಲೇಬೇಕು ಎಂದು ಕೋರ್ಟು ಹೇಳಿತು. ವ್ಯವಹಾರದಲ್ಲಿ ಇದರ ಫಲವೇನೆಂದರೆ, ದಾವೆಗಾಗಿಯೇ ತಜ್ಞನಿಗೆ ಬರೆದ ಪತ್ರ, ಅವನು ಕಳಿಸಿದ ಮೊದಲ ಕರಡು, ಅದನ್ನು ಹೀಗೆ ತಿದ್ದಿ ಎಂದು ಬರೆದ ಉತ್ತರ ಎಲ್ಲವೂ ಸಾಲಿಸಿಟರನ ಕಪಾಟಿನಲ್ಲೇ ಉಳಿದವು. ವರದಿಯನ್ನು ಕೂಡ ವಿಚಾರಣೆಯ ದಿನದವರೆಗೆ ಅಲ್ಲಿಯೇ ಇಡಬಹುದಿತ್ತು. ಮ್ಯಾನ್ಸ್‌ಫೀಲ್ಡ್‌ರ ಕಾಲದಲ್ಲಿ ಯಾವುದು ಅನ್ಯಾಯವೆನಿಸಿ ಮರುವಿಚಾರಣೆಗೆ ಕಾರಣವಾಗಿತ್ತೋ, ಅದು ನೂರು ವರ್ಷದಲ್ಲಿ ಹಕ್ಕಾಗಿ ನಿಂತಿತ್ತು.

ಇದಕ್ಕೆ ಮೊದಲ ಪೆಟ್ಟು ಬಿದ್ದದ್ದು 1972ರ ಸಿವಿಲ್ ಎವಿಡೆನ್ಸ್ ಆ್ಯಕ್ಟ್‌ನಿಂದ. ಅದರ ಆಧಾರದ ಮೇಲೆ 1974ರಲ್ಲಿ ಬಂದ ನಿಯಮಗಳು, ತಜ್ಞ ಸಾಕ್ಷಿಯನ್ನು ಕರೆಯಬೇಕೆನ್ನುವವರು ಅವನ ವರದಿಯ ಸಾರವನ್ನು ಮುಂಚಿತವಾಗಿ ಎದುರು ಪಕ್ಷಕ್ಕೆ ಕೊಡುವ ವ್ಯವಸ್ಥೆ ತಂದವು. ವರದಿ ಹೊರಗೆ ಬಂತು. ಅದನ್ನು ಹುಟ್ಟಿಸಿದ ಪತ್ರ ಒಳಗೇ ಉಳಿಯಿತು. ವರದಿಯನ್ನು ಮೊದಲೇ ಕೊಡಬೇಕಾದ್ದರಿಂದ ವಕೀಲರು ಅದರ ಪದಪದವನ್ನೂ ಎಚ್ಚರದಿಂದ ತಿದ್ದತೊಡಗಿದರೆಂಬುದು ಈ ಸುಧಾರಣೆಯ ಅಡ್ಡಫಲ.

ಆ ತಿದ್ದುವಿಕೆ ಬಯಲಿಗೆ ಬಂದದ್ದು ವೈಟ್‌ಹೌಸ್ ವಿರುದ್ಧ ಜೋರ್ಡಾನ್ ಮೊಕದ್ದಮೆಯಲ್ಲಿ. 1970ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಹೆರಿಗೆಯೊಂದರಲ್ಲಿ ವೈದ್ಯರು ಚಿಮ್ಮಟ ಹಾಕಿ ಎಳೆದದ್ದು ಅತಿಯಾಯಿತೇ, ಮಗುವಿನ ಮಿದುಳಿಗೆ ಅದರಿಂದಲೇ ಹಾನಿಯಾಯಿತೇ ಎಂಬುದು ಪ್ರಶ್ನೆ. ಮಗುವಿನ ಪರವಾಗಿ ಇಬ್ಬರು ಪ್ರಾಧ್ಯಾಪಕರು ಜಂಟಿ ವರದಿ ಕೊಟ್ಟಿದ್ದರು. ಅದು ಲಂಡನ್ನಿನಲ್ಲಿ ಬ್ಯಾರಿಸ್ಟರ್ ಜೊತೆ ಗಂಟೆಗಟ್ಟಲೆ ಕೂತು ಸಿದ್ಧವಾದದ್ದು, ಕೊನೆಯ ರೂಪ ಕೊಟ್ಟವರೂ ಬ್ಯಾರಿಸ್ಟರೇ ಎಂದು ಮೇಲ್ಮನವಿ ನ್ಯಾಯಾಲಯದಲ್ಲಿ ಲಾರ್ಡ್ ಡೆನ್ನಿಂಗ್ ಆಕ್ಷೇಪಿಸಿದರು. ವರದಿಗೆ ವಕಾಲತ್ತಿನ ಬಣ್ಣ ಬಂದಿದೆ ಎಂದರು. ಆಗ ಕೊನೆಯ ಮೇಲ್ಮನವಿಯ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಲಾರ್ಡ್ ವಿಲ್ಬರ್‌ಫೋರ್ಸ್ ಮಾತನ್ನು ಇನ್ನಷ್ಟು ತೂಗಿ ಆಡಿದರು. ತಜ್ಞ ಮತ್ತು ವಕೀಲರ ನಡುವೆ ಒಂದಿಷ್ಟು ಸಮಾಲೋಚನೆ ತಪ್ಪಲ್ಲ. ಆದರೆ ಕೋರ್ಟಿನ ಮುಂದೆ ಬರುವ ಅಭಿಪ್ರಾಯ ತಜ್ಞನ ಸ್ವತಂತ್ರ ಕೃತಿಯಾಗಿರಬೇಕು, ನೋಡುವವರಿಗೂ ಹಾಗೆ ಕಾಣಬೇಕು. ರೂಪವಾಗಲಿ ತಿರುಳಾಗಲಿ ದಾವೆಯ ಅನುಕೂಲಕ್ಕೆ ಬಾಗಿದ್ದರೆ ಅದು ತನ್ನನ್ನು ತಾನೇ ಸೋಲಿಸಿಕೊಳ್ಳುತ್ತದೆ. 1981ರ ಕಾನೂನು ವರದಿಗಳಲ್ಲಿ ಅಚ್ಚಾದ ಈ ಮಾತುಗಳು ಮುಂದಿನ ಎಲ್ಲ ನಿಯಮಗಳ ತಳಪಾಯವಾದವು.

ತಳಪಾಯದ ಮೇಲೆ ಗೋಡೆ ಎದ್ದದ್ದು ಒಂದು ಹಡಗಿನಿಂದ. ಐಕೇರಿಯನ್ ರೀಫರ್ ಎಂಬ ಹಡಗು 1985ರ ಏಪ್ರಿಲ್‌ನಲ್ಲಿ ಸಿಯೆರಾ ಲಿಯೋನ್ ತೀರದಾಚೆ ಮರಳುದಿಬ್ಬಕ್ಕೆ ಹತ್ತಿ ನಿಂತಿತು. ನಂತರ ಅದಕ್ಕೆ ಬೆಂಕಿ ಬಿತ್ತು. ವಿಮೆ ಹಣಕ್ಕಾಗಿ ಬೇಕೆಂದೇ ಮಾಡಿದ್ದು ಎಂದು ವಿಮಾ ಕಂಪನಿ ವಾದಿಸಿತು. ಬೆಂಕಿ ಎಲ್ಲಿ ಹುಟ್ಟಿತು, ಹೇಗೆ ಹಬ್ಬಿತು ಎಂದು ಹೇಳಲು ತಜ್ಞರ ದಂಡೇ ಬಂತು. 1993ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕ್ರೆಸ್‌ವೆಲ್ ಅವರು ತಜ್ಞ ಸಾಕ್ಷಿಯ ಕರ್ತವ್ಯಗಳನ್ನು ಪಟ್ಟಿ ಮಾಡಿದರು: ಅಭಿಪ್ರಾಯ ಸ್ವತಂತ್ರವಾಗಿರಲಿ, ತಜ್ಞ ವಕೀಲನಾಗದಿರಲಿ, ಯಾವ ಸಂಗತಿಗಳನ್ನು ಆಧರಿಸಿ ಹೇಳುತ್ತಿದ್ದಾನೋ ಅದನ್ನು ಬಿಡಿಸಿ ಹೇಳಲಿ, ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿಯನ್ನು ಮುಚ್ಚದಿರಲಿ, ತನ್ನ ಕ್ಷೇತ್ರದ ಹೊರಗಿನ ಪ್ರಶ್ನೆಯಾದರೆ ಹಾಗೆಂದು ಹೇಳಲಿ, ಮನಸ್ಸು ಬದಲಾದರೆ ಎದುರು ಪಕ್ಷಕ್ಕೂ ಕೋರ್ಟಿಗೂ ತಿಳಿಸಲಿ. ಮೇಲ್ಮನವಿಯಲ್ಲಿ ತೀರ್ಪೇ ಬುಡಮೇಲಾಗಿ ವಿಮಾ ಕಂಪನಿ ಗೆದ್ದಿತು. ಪಟ್ಟಿ ಮಾತ್ರ ಉಳಿಯಿತು.

ಈ ಪಟ್ಟಿ ಯಾಕೆ ಬೇಕಾಗಿತ್ತು ಎಂಬುದಕ್ಕೆ 1995ರ ಕಾಲಾ ಹೋಮ್ಸ್ ಮೊಕದ್ದಮೆ ಸಾಕು. ಮನೆಗಳ ನಕ್ಷೆಯ ಕೃತಿಸ್ವಾಮ್ಯದ ವ್ಯಾಜ್ಯವದು. ಪ್ರತಿವಾದಿಯ ತಜ್ಞ ಕೆಲವು ವರ್ಷ ಹಿಂದೆ ವೃತ್ತಿಪತ್ರಿಕೆಯೊಂದರಲ್ಲಿ ಲೇಖನ ಬರೆದಿದ್ದ. ತಜ್ಞ ಸಾಕ್ಷಿಯೆಂದರೆ ಮನಸ್ಸಾಕ್ಷಿಯುಳ್ಳ ಪಕ್ಷಪಾತಿ ಎಂಬುದು ಅದರ ತಾತ್ಪರ್ಯ. ಮೂರೆಲೆ ಆಟದವನ ಕೈಚಳಕದ ಹೋಲಿಕೆಯೂ ಅದರಲ್ಲಿತ್ತು. ಬೇರೆಯವರು ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಈತ ಅಚ್ಚು ಹಾಕಿಸಿದ್ದ. ನ್ಯಾಯಮೂರ್ತಿ ಲ್ಯಾಡಿ ಆ ಲೇಖನವನ್ನು ಓದಿ, ಅದರ ಬೆಳಕಿನಲ್ಲೇ ಅವನ ಸಾಕ್ಷ್ಯವನ್ನು ತೂಗಿದರು.

ಅದೇ ವರ್ಷ ಲಾರ್ಡ್ ವುಲ್ಫ್ ಸಿವಿಲ್ ನ್ಯಾಯದ ಬಗ್ಗೆ ಮಧ್ಯಂತರ ವರದಿ ಕೊಟ್ಟರು. ದಾವೆಯ ಖರ್ಚು ಅನಗತ್ಯವಾಗಿ ಏರುತ್ತಿರುವುದಕ್ಕೆ ಅವರು ಹೆಸರಿಸಿದ ಎರಡು ಮುಖ್ಯ ಕಾರಣಗಳಲ್ಲಿ ತಜ್ಞ ಸಾಕ್ಷ್ಯ ಒಂದು, ದಾಖಲೆಗಳ ಪರಸ್ಪರ ಪರಿಶೀಲನೆ ಇನ್ನೊಂದು. ಅವರು ನೇರವಾಗಿ ಕೈ ಹಾಕಿದ್ದು ಸೂಚನಾ ಪತ್ರಕ್ಕೇ. ತಜ್ಞನಿಗೆ ಕೊಟ್ಟ ಲಿಖಿತ ಸೂಚನೆಗಳನ್ನೂ, ಬಾಯಿಮಾತಿನ ಸೂಚನೆಗಳ ಟಿಪ್ಪಣಿಯನ್ನೂ ವರದಿಗೆ ಲಗತ್ತಿಸದಿದ್ದರೆ ಆ ವರದಿಯನ್ನು ಒಪ್ಪಲೇಬಾರದೆಂದು 1996ರ ಅಂತಿಮ ವರದಿಯಲ್ಲಿ ಸಲಹೆ ಮಾಡಿದರು. ವಕೀಲರ ವಲಯಕ್ಕೆ ಇದು ಇಷ್ಟವಾಗುವಂಥದಲ್ಲ.

1999ರ ಏಪ್ರಿಲ್ 26ರಂದು ಜಾರಿಗೆ ಬಂದ ಸಿವಿಲ್ ಪ್ರೊಸೀಜರ್ ರೂಲ್ಸ್‌ನ 35ನೆಯ ಭಾಗ ನಡುದಾರಿ ಹಿಡಿಯಿತು. ಕೋರ್ಟಿನ ಅನುಮತಿಯಿಲ್ಲದೆ ತಜ್ಞ ಸಾಕ್ಷ್ಯವಿಲ್ಲ. ತಜ್ಞನ ಮೊದಲ ಕರ್ತವ್ಯ ಕೋರ್ಟಿಗೆ. ತನ್ನನ್ನು ಕರೆದವರಿಗೆ, ಫೀಸು ಕೊಡುವವರಿಗೆ ಇರುವ ಕರ್ತವ್ಯ ಅದರ ಕೆಳಗೆ. ತನಗೆ ಬಂದ ಮುಖ್ಯ ಸೂಚನೆಗಳು, ಬರವಣಿಗೆಯವಾಗಲಿ ಬಾಯಿಮಾತಿನವಾಗಲಿ, ಅವುಗಳ ಸಾರವನ್ನು ಅವನು ವರದಿಯಲ್ಲೇ ಹೇಳಬೇಕು. ಆ ಸೂಚನೆಗಳಿಗೆ ಗೋಪ್ಯತೆಯ ರಕ್ಷಣೆ ಇಲ್ಲ. ಆದರೂ ಪತ್ರವನ್ನೇ ತೋರಿಸಿ ಎಂದು ಕೋರ್ಟು ಸುಮ್ಮನೆ ಆದೇಶಿಸದು; ವರದಿಯಲ್ಲಿ ಹೇಳಿದ ಸಾರ ತಪ್ಪು ಅಥವಾ ಅಪೂರ್ಣ ಎಂದು ನಂಬಲು ಕಾರಣವಿರಬೇಕು. ಕಪಾಟಿನ ಬೀಗ ತೆಗೆದಿಲ್ಲ, ಬೀಗದ ಕೈ ಮಾತ್ರ ನ್ಯಾಯಾಧೀಶರ ಬಳಿಗೆ ಬಂತು.

ಹೀಗಾದ ಮೇಲೆ ಪತ್ರ ಬರೆಯುವ ರೀತಿಯೇ ಬದಲಾಗಬೇಕಾಯಿತು. ಬಿರುಕು ಬಿಟ್ಟ ಗೋಡೆಯ ದಾವೆಯೊಂದನ್ನು ನೋಡಬಹುದು. ‘ನೆರೆಯವರು ಪಾಯ ಅಗೆದದ್ದರಿಂದ ನಮ್ಮ ಕಕ್ಷಿಗಾರರ ಗೋಡೆ ಬಿರಿದಿದೆ ಎಂಬುದನ್ನು ದಯವಿಟ್ಟು ದೃಢಪಡಿಸಿ’ ಎಂದು ಬರೆದ ಪತ್ರ ಉತ್ತರವನ್ನು ಹೇಳಿಕೊಟ್ಟು ಸಹಿ ಕೇಳುವ ಪತ್ರ. ಅದೇ ಸಾಲಿಸಿಟರ್ ಈಗ ಬರೆಯಬೇಕಾದದ್ದು ಬೇರೆ: ಬಿರುಕುಗಳು ಎಲ್ಲೆಲ್ಲಿವೆ, ಎಷ್ಟು ಅಗಲ, ಅವಕ್ಕೆ ಸಂಭವನೀಯ ಕಾರಣಗಳು ಯಾವುವು, ಮಣ್ಣಿನ ಗುಣ, ಮರದ ಬೇರು, ನೀರಿನ ಸೋರಿಕೆ, ಪಕ್ಕದ ಅಗೆತ ಇವುಗಳಲ್ಲಿ ಯಾವುದು ಹೆಚ್ಚು ಸಂಭವ, ಯಾಕೆ, ಇದೇ ವಿದ್ಯೆಯ ಇನ್ನೊಬ್ಬರು ಬೇರೆ ತೀರ್ಮಾನಕ್ಕೆ ಬರಲು ಅವಕಾಶವಿದೆಯೇ, ದುರಸ್ತಿಗೆ ಏನು ಮಾಡಬೇಕು, ಎಷ್ಟಾಗುತ್ತದೆ. ಇದರ ಜೊತೆಗೆ ವಾದಪತ್ರ, ಪ್ರತಿವಾದಪತ್ರ, ಸಾಕ್ಷಿಗಳ ಹೇಳಿಕೆ, ಹಳೆಯ ನಕ್ಷೆ, ಫೋಟೊಗಳು ಹೋಗಬೇಕು. ನಮಗೆ ಅನುಕೂಲವಾದವಷ್ಟೇ ಅಲ್ಲ, ಪ್ರತಿಕೂಲವಾದವೂ. ದಾವೆ ಶುರುವಾಗಿದೆಯೇ, ವರದಿ ಯಾವ ದಿನಾಂಕದೊಳಗೆ ಬೇಕು, ಫೀಸು ಎಷ್ಟು ಎಂಬುದೂ ಇರಬೇಕು. ಗೆದ್ದರೆ ಇಷ್ಟು, ಸೋತರೆ ಅಷ್ಟು ಎಂಬ ಫೀಸು ಕೂಡದು. ಸಿವಿಲ್ ಜಸ್ಟೀಸ್ ಕೌನ್ಸಿಲ್ 2014ರಲ್ಲಿ ಹೊರತಂದ ಮಾರ್ಗಸೂಚಿ ಇಂಥ ವಿವರಗಳನ್ನೆಲ್ಲ ಒಂದೆಡೆ ಕೂಡಿಸಿತು.

ಸಣ್ಣ ದಾವೆಗಳಿಗೆ ಎರಡೂ ಪಕ್ಷ ಸೇರಿ ಒಬ್ಬನೇ ತಜ್ಞನನ್ನು ನೇಮಿಸಿಕೊಳ್ಳುವ ಪದ್ಧತಿ 1999ರಲ್ಲೇ ಬಂತು. ಪ್ರತಿ ಪಕ್ಷವೂ ಅವನಿಗೆ ಸೂಚನೆ ಬರೆಯಬಹುದು. ಬರೆದದ್ದರ ನಕಲು ಎದುರು ಪಕ್ಷಕ್ಕೆ ಹೋಗಬೇಕು. ಒಂದು ಪಕ್ಷ ಮಾತ್ರ ಅವನನ್ನು ಕರೆದು ಮಾತಾಡುವಂತಿಲ್ಲ ಎಂದು 2001ರಲ್ಲಿ ಲಾರ್ಡ್ ವುಲ್ಫ್ ಅವರೇ ತೀರ್ಪು ಕೊಟ್ಟರು. ಬೇರೆ ಬೇರೆ ತಜ್ಞರಿರುವಲ್ಲಿ ವಕೀಲರಿಲ್ಲದೆ ತಜ್ಞರಷ್ಟೇ ಕೂತು ಚರ್ಚಿಸಿ, ಎಲ್ಲಿ ಒಪ್ಪಿಗೆ ಎಲ್ಲಿ ಭಿನ್ನಾಭಿಪ್ರಾಯ ಎಂದು ಜಂಟಿ ಹೇಳಿಕೆ ಬರೆಯಬೇಕು. ಇಬ್ಬರನ್ನೂ ಒಟ್ಟಿಗೆ ಕಟಕಟೆಗೆ ಕರೆದು ಪ್ರಶ್ನಿಸುವ ಆಸ್ಟ್ರೇಲಿಯಾದ ವಿಧಾನ 2013ರಲ್ಲಿ ಇಂಗ್ಲೆಂಡಿನ ನಿಯಮಗಳಿಗೆ ಸೇರಿತು. ವಕೀಲರು ಅದನ್ನು ‘ಹಾಟ್ ಟಬ್’ ಎಂದು ಕರೆಯುತ್ತಾರೆ. ಜೆಸೆಲ್ ಹೇಳಿದ ಅರವತ್ತೆಂಟು ಜನರ ಕಾಯಿಲೆಗೂ ಒಂದು ಔಷಧಿ ಸಿಕ್ಕಿತು. ಮೊದಲ ತಜ್ಞನನ್ನು ಬಿಟ್ಟು ಇನ್ನೊಬ್ಬನಿಗೆ ಅನುಮತಿ ಬೇಕೆಂದರೆ ಮೊದಲನೆಯವನ ವರದಿಯನ್ನು ತೋರಿಸಿ ಎಂಬ ಷರತ್ತು ಹಾಕಬಹುದೆಂದು 2005ರ ಒಂದು ತೀರ್ಪು ಹೇಳಿತು.

ತಪ್ಪಿದರೆ ಏನಾಗುತ್ತದೆ ಎಂಬುದೂ ಈಗ ಸ್ಪಷ್ಟ. 2011ರ ಜೋನ್ಸ್ ವಿರುದ್ಧ ಕೇನಿ ಮೊಕದ್ದಮೆಯಲ್ಲಿ, ಅಪಘಾತಕ್ಕೊಳಗಾದ ಬೈಕ್ ಸವಾರನೊಬ್ಬನ ಪರ ತಜ್ಞೆ ಎದುರು ತಜ್ಞನೊಡನೆ ಫೋನಿನಲ್ಲಿ ಮಾತಾಡಿ, ತನ್ನ ಅಭಿಪ್ರಾಯಕ್ಕೆ ಹೊಂದದ ಜಂಟಿ ಹೇಳಿಕೆಗೆ ಸಹಿ ಹಾಕಿಬಿಟ್ಟಿದ್ದಳು ಎಂಬುದು ಆರೋಪ. ಸಾಕ್ಷಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬ ಹಳೆಯ ರಕ್ಷಣೆಯನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟು ತಜ್ಞರ ಮಟ್ಟಿಗೆ ಐದಕ್ಕೆ ಎರಡರ ಬಹುಮತದಿಂದ ತೆಗೆದುಹಾಕಿತು. ತಜ್ಞನ ಅಜಾಗರೂಕತೆಗೆ ಅವನನ್ನು ಕರೆದ ಕಕ್ಷಿಗಾರನೇ ಪರಿಹಾರ ಕೇಳಬಹುದಾಯಿತು. 2021ರಲ್ಲಿ ಡೇನಾ ಎಂಬ ವಾಹನ ಬಿಡಿಭಾಗಗಳ ಕಂಪನಿಯ ದಾವೆಯಲ್ಲಿ ಪ್ರತಿವಾದಿ ಕಂಪನಿಯ ತಜ್ಞರು ಆ ಪ್ರತಿವಾದಿ ಕಂಪನಿಯದೇ ಸಿಬ್ಬಂದಿಯ ಜೊತೆ ನೇರವಾಗಿ ಮಾಹಿತಿ ವಿನಿಮಯ ಮಾಡಿಕೊಂಡಿದ್ದು ವಿಚಾರಣೆಯ ನಡುವೆ ಹೊರಬಿತ್ತು. ನ್ಯಾಯಾಧೀಶೆ ಆ ತಾಂತ್ರಿಕ ಸಾಕ್ಷ್ಯಕ್ಕೆ ಕೊಟ್ಟ ಅನುಮತಿಯನ್ನೇ ಹಿಂದಕ್ಕೆ ಪಡೆದರು. ವರದಿಯಲ್ಲಿ ಏನು ತಪ್ಪಿದೆ ಎಂದು ನೋಡುವ ಮೊದಲೇ, ಅದು ಸಿದ್ಧವಾದ ಬಗೆಯಿಂದಲೇ ವರದಿ ಬಿದ್ದುಹೋಯಿತು.

ಭಾರತದಲ್ಲಿ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಸಿದ್ಧಪಡಿಸಿದ 1872ರ ಸಾಕ್ಷ್ಯ ಕಾಯಿದೆ ಮ್ಯಾನ್ಸ್‌ಫೀಲ್ಡ್‌ರ ತತ್ತ್ವವನ್ನು 45ನೆಯ ಕಲಮಿನಲ್ಲಿ ಅಡಕಗೊಳಿಸಿತು: ವಿದೇಶೀ ಕಾನೂನು, ವಿಜ್ಞಾನ, ಕಲೆ, ಕೈಬರಹ ಇವುಗಳಲ್ಲಿ ವಿಶೇಷ ಪರಿಣತಿಯುಳ್ಳವರ ಅಭಿಪ್ರಾಯ ಪ್ರಸ್ತುತ. ಬೆರಳಚ್ಚು 1899ರಲ್ಲಿ ಸೇರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮು ‘ಇತರ ಯಾವುದೇ ಕ್ಷೇತ್ರ’ ಎಂಬ ಮಾತನ್ನೂ ಸೇರಿಸಿದೆ. ತಜ್ಞ ತನ್ನ ತೀರ್ಮಾನವನ್ನಷ್ಟೇ ಹೇಳಿದರೆ ಸಾಲದು, ಅದನ್ನು ಒರೆಗೆ ಹಚ್ಚಲು ಬೇಕಾದ ಆಧಾರಗಳನ್ನೂ ಕೋರ್ಟಿಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟು 2009ರಲ್ಲಿ ರಮೇಶ್ ಚಂದ್ರ ಅಗರ್‌ವಾಲ್ ವಿರುದ್ಧ ರೀಜೆನ್ಸಿ ಆಸ್ಪತ್ರೆ ಪ್ರಕರಣದಲ್ಲಿ ಹೇಳಿತು. ಆದರೆ ತಜ್ಞನಿಗೆ ಸೂಚನೆ ಹೇಗೆ ಕೊಡಬೇಕು, ಅದನ್ನು ಬಹಿರಂಗಪಡಿಸಬೇಕೇ ಎಂಬ ಬಗ್ಗೆ ಇಂಗ್ಲೆಂಡಿನ 35ನೆಯ ಭಾಗದಂಥದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇಲ್ಲ.

ಸಂಹಿತೆಯಲ್ಲಿರುವುದು ಇಂಗ್ಲೆಂಡಿನ ಹಳೆಯ ಪದ್ಧತಿಗೆ ಹೆಚ್ಚು ಹತ್ತಿರ. 1908ರ ಸಂಹಿತೆಯ 26ನೆಯ ಆದೇಶ, 9ನೆಯ ನಿಯಮದಂತೆ ಸ್ಥಳ ಪರಿಶೀಲನೆಗೆ ಕೋರ್ಟು ಕಮಿಷನರನ್ನು ನೇಮಿಸಬಹುದು. 1976ರ ತಿದ್ದುಪಡಿಯಿಂದ ಸೇರಿದ 10-ಎ ನಿಯಮ ವೈಜ್ಞಾನಿಕ ತನಿಖೆಗೂ ಇದನ್ನು ವಿಸ್ತರಿಸಿತು. ಕರ್ನಾಟಕದ ತಾಲ್ಲೂಕು ಕೋರ್ಟುಗಳಲ್ಲಿ ಒತ್ತುವರಿ, ಗಡಿ ತಕರಾರುಗಳ ದಾವೆಗೆ ಇದು ನಿತ್ಯದ ದಾರಿ. ಕಮಿಷನರ್ ಬೇಕೆಂದು ಒಂದು ಪಕ್ಷ ಅರ್ಜಿ ಹಾಕುತ್ತದೆ, ಎದುರು ಪಕ್ಷ ತಕರಾರು ಸಲ್ಲಿಸುತ್ತದೆ. ತನ್ನ ಸಾಕ್ಷ್ಯ ತಾನೇ ಒದಗಿಸಲಾರದವನಿಗೆ ಸಾಕ್ಷ್ಯ ಕೂಡಿಸಿಕೊಡುವುದು ಕಮಿಷನರನ ಕೆಲಸವಲ್ಲ ಎಂಬುದು ತಕರಾರಿನ ಮಾಮೂಲು ಮಾತು. 

ಅರ್ಜಿ ಮಂಜೂರಾದರೆ ವಕೀಲರೊಬ್ಬರನ್ನೋ ಸರ್ವೆ ಇಲಾಖೆಯ ಅಧಿಕಾರಿಯನ್ನೋ ನೇಮಿಸಿ, ಫೀಸು ಠೇವಣಿ ಇಡಿಸುತ್ತಾರೆ. ಆಮೇಲೆ ಎರಡೂ ಕಡೆಯ ವಕೀಲರು ‘ಮೆಮೊ ಆಫ್ ಇನ್‌ಸ್ಟ್ರಕ್ಷನ್ಸ್’ ಸಲ್ಲಿಸುತ್ತಾರೆ. ಇಂಥ ಸರ್ವೆ ನಂಬರಿನ ಇಂಥ ಹಿಸ್ಸೆಯನ್ನು ಟಿಪ್ಪಣಿ, ಆಕಾರಬಂದ್ ಆಧಾರದ ಮೇಲೆ ಅಳೆಯಿರಿ; ಬದುವಿನ ಮರಗಳನ್ನು, ಕಲ್ಲುಗಳನ್ನು ನಕ್ಷೆಯಲ್ಲಿ ಗುರುತಿಸಿ; ಒತ್ತುವರಿಯಿದ್ದರೆ ಎಷ್ಟು ಗುಂಟೆ ತಿಳಿಸಿ ಎಂದು ಅದರಲ್ಲಿ ಅಂಕಿ ಹಾಕಿ ಬರೆದಿರುತ್ತಾರೆ. ‘ವಾದಿಯ ಸ್ವಾಧೀನದಲ್ಲಿದೆ ಎಂದು ವರದಿ ಮಾಡಿ’ ಎಂದು ನುಸುಳಿಸುವವರೂ ಇಲ್ಲದಿಲ್ಲ. ಸ್ವಾಧೀನ ಯಾರದೆಂದು ತೀರ್ಮಾನಿಸುವುದು ಕೋರ್ಟಿನ ಕೆಲಸ. ಮೆಮೊ ಕೋರ್ಟಿನ ಕಡತದಲ್ಲೇ ಇರುವುದರಿಂದ ಯಾರು ಏನು ಕೇಳಿದರೆಂಬುದು ಎದುರು ಪಕ್ಷಕ್ಕೂ ಗೊತ್ತು. ಕಮಿಷನರ್ ಇಬ್ಬರಿಗೂ ನೋಟಿಸು ಕೊಟ್ಟು, ಸ್ಥಳಕ್ಕೆ ಹೋಗಿ ಅಳತೆ ಮಾಡಿಸಿ, ಮಹಜರು ಬರೆದು, ನಕ್ಷೆಯೊಡನೆ ವರದಿ ಸಲ್ಲಿಸುತ್ತಾನೆ. 10ನೆಯ ನಿಯಮದಂತೆ ಆ ವರದಿ ದಾವೆಯ ಸಾಕ್ಷ್ಯದ ಭಾಗವಾಗುತ್ತದೆ. ಅದನ್ನು ಒಪ್ಪದವರು ಆಕ್ಷೇಪಣೆ ಸಲ್ಲಿಸಿ, ಕೋರ್ಟಿನ ಅನುಮತಿ ಪಡೆದು ಕಮಿಷನರನ್ನೇ ಕಟಕಟೆಗೆ ಕರೆಸಿ ಪಾಟೀಸವಾಲು ಮಾಡಬಹುದು. ವರದಿ ತೃಪ್ತಿಕರವಲ್ಲ ಎನಿಸಿದರೆ ಕೋರ್ಟು ಮತ್ತೊಮ್ಮೆ ವಿಚಾರಣೆಗೆ ಆದೇಶಿಸಬಹುದು.

ಕ್ರಯಪತ್ರದ ಸಹಿ ತನ್ನದಲ್ಲ ಎನ್ನುವ ದಾವೆಗಳಲ್ಲಿ ಎರಡು ಪದ್ಧತಿಗಳೂ ಕೂಡಿಕೊಳ್ಳುತ್ತವೆ. ಒಪ್ಪಿತ ಸಹಿಗಳ ಜೊತೆ ಹೋಲಿಸಿ ನೋಡಲು ದಾಖಲೆಯನ್ನು ಕೋರ್ಟೇ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ತಜ್ಞನಿಗೋ ಕಳಿಸುವುದುಂಟು. ಪಕ್ಷಗಾರ ತನ್ನ ಖರ್ಚಿನಲ್ಲೇ ಖಾಸಗಿ ಕೈಬರಹ ತಜ್ಞನಿಂದ ವರದಿ ತರಿಸುವುದೂ ಉಂಟು. ಮೊದಲನೆಯದರಲ್ಲಿ ಯಾವ ಸಹಿಯನ್ನು ಯಾವುದರೊಡನೆ ಹೋಲಿಸಬೇಕೆಂಬುದು ಕೋರ್ಟಿನ ಆದೇಶದಲ್ಲಿರುತ್ತದೆ. ಎರಡನೆಯದರಲ್ಲಿ ತಜ್ಞನಿಗೆ ಏನು ಕೊಟ್ಟರು, ಏನು ಕೇಳಿದರು ಎಂಬುದನ್ನು ಎದುರು ವಕೀಲರು ಪಾಟೀಸವಾಲಿನಲ್ಲೇ ಹೊರತೆಗೆಯಬೇಕು.